ಅಪ್ಪನ ಕೆನ್ನೆಯಲ್ಲಿದ್ದ ಜೇಷ್ಠಮಧು

ಈಗ ಎಲ್ಲಿ ನೋಡಿದರೂ ಜೇಷ್ಠಮಧು. ಮೊಬೈಲು ತೆರೆದರೆ ಯಾರೋ ಒಬ್ಬರು ಅದರ ಪುಡಿಯನ್ನು ಜೇನಿನಲ್ಲಿ ಕಲಸಿ ನೆಕ್ಕುತ್ತಿರುತ್ತಾರೆ, ಇನ್ನೊಬ್ಬರು ಹಾಲಿನಲ್ಲಿ ಕಲಸಿ ಮುಖಕ್ಕೆ ಹಚ್ಚಿಕೊಳ್ಳುತ್ತಿರುತ್ತಾರೆ. ಕೊರೋನಾ ಬಂದ ವರ್ಷದಿಂದ ಬಂಟ್ವಾಳದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲೂ ಅದರ ಕಷಾಯದ ಫ್ಲಾಸ್ಕೊಂದು ಖಾಯಂ ಆಗಿ ಕೂತಿದೆ. ಮಕ್ಕಳಿಗೆ ಪಾಠ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡು ಬರುವ ನಮಗೆ ಗಣಿತದ ಟೀಚರು ಅದನ್ನು ಬಗ್ಗಿಸಿ ಕೊಡುತ್ತಾರೆ. ಎಷ್ಟು ಕುಡಿದರೂ ಏನೂ ಆಗುವುದಿಲ್ಲ, ಬರೀ ಬೇರು ಎಂದು ಧೈರ್ಯವನ್ನೂ ಹೇಳುತ್ತಾರೆ. ನಾನು ಅರ್ಧ ಲೋಟ ಕುಡಿದು ಸಾಕು ಎನ್ನುತ್ತೇನೆ. ಅವರಿಗೆ ನಾನು ಸ್ವಲ್ಪ ಬಿಗುಮಾನದ ಹೆಂಗಸು ಅನ್ನಿಸಿರಬೇಕು. ಅನ್ನಿಸಲಿ. ಆ ಬೇರಿನ ಹತ್ತಿರ ನನ್ನದು ಬಾಲ್ಯದಿಂದ ಬಂದ ಜಗಳ, ಅದನ್ನು ಮಧ್ಯಾಹ್ನದ ಹತ್ತು ನಿಮಿಷದ ಬಿಡುವಿನಲ್ಲಿ ವಿವರಿಸಲಿಕ್ಕೆ ಆಗುವುದಿಲ್ಲ.

ನನ್ನ ಅಪ್ಪ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಏಜೆಂಟರಾಗಿದ್ದರು. ಹೊರಗಿನವರಿಗೆ ಈ ಕೆಲಸ ಗೊತ್ತಿರುವುದಿಲ್ಲ. ನಮ್ಮ ಕಡೆ ಓಡುವುದು ಹೆಚ್ಚಿನವು ಖಾಸಗಿ ಬಸ್ಸುಗಳು. ಒಂದರ ಹಿಂದೆ ಒಂದು ಬಂದು ನಿಲ್ಲುತ್ತವೆ, ಕೆಲವು ನಿಮಿಷದಲ್ಲಿ ಹೊರಡುತ್ತವೆ. ಅಷ್ಟರೊಳಗೆ ಊರುಗಳ ಹೆಸರು ಕೂಗಿ ಜನರನ್ನು ಹತ್ತಿಸಿ, ಟೈಮು ಆದ ಕೂಡಲೇ ಬಸ್ಸಿನ ಬೆನ್ನಿಗೆ ತಟ್ಟಿ ಬಿಡಬೇಕು. ಬೆಳಿಗ್ಗೆ ಬೆಳಕು ಹರಿಯುವ ಮೊದಲು ಹೋದರೆ ಸಂಜೆ ದೀಪ ಹಚ್ಚುವವರೆಗೆ ಅಪ್ಪನದು ಅದೇ ಕೂಗು. "ಹೊಸಂಗಡಿ, ಪೆರಿಂಜೆ, ವೇಣೂರು, ಗುರುವಾಯನಕೆರೆ, ಬೆಳ್ತಂಗಡಿ" ಎಂಬುದು ಒಂದು ಉಸಿರು. "ಸಿದ್ಧಕಟ್ಟೆ, ರಾಯಿ, ಬಂಟ್ವಾಳ, ಬಿ.ಸಿ.ರೋಡ್" ಎಂಬುದು ಇನ್ನೊಂದು. ಬೇರೆ ಏಜೆಂಟರು ಗಂಟಲು ಹರಿಯುವಂತೆ ಬೊಬ್ಬೆ ಹೊಡೆಯುತ್ತಿದ್ದರು. ಅಪ್ಪ ಬೊಬ್ಬೆ ಹೊಡೆದವರಲ್ಲ. ವೇಣೂರನ್ನು ಸ್ವಲ್ಪ ಎತ್ತಿ, ಗುರುವಾಯನಕೆರೆಯನ್ನು ಉದ್ದಕ್ಕೆ ಎಳೆದು, ಬೆಳ್ತಂಗಡಿಯನ್ನು ಕೆಳಗೆ ಇಳಿಸಿ ಇಡುತ್ತಿದ್ದರು. ಪೇಟೆಯ ಆ ತುದಿಯಲ್ಲಿ ಮೀನು ಕೊಳ್ಳುತ್ತಿದ್ದವರೂ ಅದನ್ನು ಕೇಳಿ ಚೀಲ ಎತ್ತಿಕೊಂಡು ಓಡಿ ಬರುತ್ತಿದ್ದರು.

ಆ ಸ್ವರವನ್ನು ಕಾಯುತ್ತಿದ್ದದ್ದು ಎಡಗೆನ್ನೆಯೊಳಗಿನ ಒಂದು ತುಂಡು ಜೇಷ್ಠಮಧು. ಬೆಳಿಗ್ಗೆ ಬಾಯಿ ಮುಕ್ಕಳಿಸಿದ ಮೇಲೆ ಒಂದು ತುಂಡು ಕೆನ್ನೆಗೆ ಹೋಗುತ್ತಿತ್ತು. ನಾರು ನಾರಾಗಿ ರುಚಿ ಮುಗಿದ ಮೇಲೆ ಇನ್ನೊಂದು, ಊಟದ ನಂತರ ಮತ್ತೊಂದು. ನಮ್ಮ ಕಡೆ ಪ್ರತಿ ಮನೆಯ ಹಿಂದೆಯೂ ಏನಾದರೊಂದು ಮದ್ದಿನ ಗಿಡ ಇರುತ್ತದೆ. ಆದರೆ ಇದು ನಮ್ಮ ಮಣ್ಣಿನಲ್ಲಿ ಬೆಳೆಯುವುದಲ್ಲ. ಅದರ ಎಲೆ ಹೇಗಿರುತ್ತದೆಂದು ನಮ್ಮ ಮನೆಯಲ್ಲಿ ಯಾರೂ ನೋಡಿದವರಿಲ್ಲ. ಎಲ್ಲೋ ಉತ್ತರದ ಕಡೆಯಿಂದ ಗೋಣಿಯಲ್ಲಿ ಬರುತ್ತಿತ್ತು. ಅಪ್ಪ ರಜೆಯ ದಿನ ಬಂಟ್ವಾಳ ಪೇಟೆಯ ಹಳೆಯ ಜೀನಸು ಅಂಗಡಿಗೆ ಹೋಗಿ, ಕಡ್ಡಿ ಮುರಿದು ಒಳಗಿನ ಹಳದಿ ಬಣ್ಣ ನೋಡಿ, ಒಂದು ಎಳೆ ಜಗಿದು ಆಮೇಲೆ ಕೊಳ್ಳುತ್ತಿದ್ದರು. ಅಮ್ಮ ಅದನ್ನು ಅಡಿಕೆ ಕತ್ತರಿಯಲ್ಲಿ ಬೆರಳುದ್ದಕ್ಕೆ ಕತ್ತರಿಸಿ ಹಾರ್ಲಿಕ್ಸಿನ ಬಾಟಲಿಗೆ ತುಂಬಿಸಿಡುತ್ತಿದ್ದಳು.

ಆ ಬಾಟಲಿಯಿಂದ ನಮಗೂ ಪಾಲು ಸಿಗುತ್ತಿತ್ತು. ಕೆಮ್ಮು ಬಂದರೆ ಜೇಷ್ಠಮಧುವಿನ ಜೊತೆ ಒಣಶುಂಠಿ, ಕರಿಮೆಣಸು ಜಜ್ಜಿ ಹಾಕಿ ಕುದಿಸಿದ ಕಷಾಯ. ಬಾಯಿಹುಣ್ಣಾದರೆ ಅದರ ಪುಡಿಯನ್ನು ತುಪ್ಪದಲ್ಲಿ ಕಲಸಿ ಅಮ್ಮ ಬೆರಳಿನಲ್ಲಿ ಹಚ್ಚುತ್ತಿದ್ದಳು, ನಾವು ಆ ಬೆರಳನ್ನೇ ನೆಕ್ಕಿಬಿಡುತ್ತಿದ್ದೆವು. ಹೊಟ್ಟೆಯಲ್ಲಿ ಹುಳಿ ಹೆಚ್ಚಾಗಿ ಎದೆ ಉರಿದರೆ ರಾತ್ರಿ ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ಆ ನೀರು. ನನ್ನ ಕೂದಲಿಗೆ ಹಚ್ಚುವ ತೆಂಗಿನೆಣ್ಣೆಯಲ್ಲೂ ಒಂದು ತುಂಡು ಕುದಿಯುತ್ತಿತ್ತು. ಪರೀಕ್ಷೆಯ ಸಮಯದಲ್ಲಿ ನನಗೆ ಕೆಮ್ಮು ಬರುತ್ತಲೇ ಇತ್ತು. ಅರ್ಧ ನಿಜ, ಅರ್ಧ ಆ ಸಿಹಿಗಾಗಿ.

ಇಷ್ಟೆಲ್ಲ ಇದ್ದೂ ಅದನ್ನು ಯಾರೂ ಮದ್ದು ಎಂದು ಕರೆದದ್ದೇ ಇಲ್ಲ. ನಮ್ಮಲ್ಲಿ ಮದ್ದೆಂದರೆ ಕಹಿ. ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ ಪಾಲೆಮರದ ತೊಗಟೆಯ ಕಷಾಯ ಕುಡಿದು ಬೆಳೆದವರು ನಾವು. ಬರಿ ಹೊಟ್ಟೆಗೆ ಅದನ್ನು ಇಳಿಸುವಾಗ ಕಣ್ಣಿನಲ್ಲಿ ನೀರು ಬರುತ್ತದೆ, ವರ್ಷವಿಡೀ ಆರೋಗ್ಯ ಇರಬೇಕಾದರೆ ಅಷ್ಟು ಕಷ್ಟ ಪಡಲೇಬೇಕು ಎಂದು ಹಿರಿಯರು ನಂಬಿದ್ದರು. ಬಾಯಿಗೆ ಹಾಕಿದರೆ ಸಿಹಿಯಾಗುವ ವಸ್ತು ಮದ್ದಾಗುವುದು ಹೇಗೆ? ಅದು ಅಮ್ಮನ ಲೆಕ್ಕದಲ್ಲಿ ಬೆಲ್ಲ, ಕಲ್ಲುಸಕ್ಕರೆಗಳ ಸಾಲಿನಲ್ಲಿತ್ತು.

ನನ್ನ ಜಗಳ ಇದ್ದದ್ದು ಬೇರೆ ವಿಷಯಕ್ಕೆ. ಅಪ್ಪ ಮನೆಯಲ್ಲಿ ಮಾತಾಡುತ್ತಿರಲಿಲ್ಲ. ಸಿಟ್ಟಿನವರೆಂದಲ್ಲ, ಬೇಸರವೆಂದೂ ಅಲ್ಲ. ಮರುದಿನದ ಕೂಗಿಗೆ ಗಂಟಲು ಉಳಿಯಬೇಕಲ್ಲ, ಅದಕ್ಕೆ. ಬೇರು ಎಷ್ಟು ಜಗಿದರೂ ರಾತ್ರಿಯ ಮೌನ ಇಲ್ಲದಿದ್ದರೆ ಪ್ರಯೋಜನವಿಲ್ಲ ಎಂದು ಅವರಿಗೆ ಕೆಲಸ ಕಲಿಸಿದ ಹಿರಿಯ ಏಜೆಂಟರು ಹೇಳಿಕೊಟ್ಟಿದ್ದರಂತೆ. ಹಾಗಾಗಿ ಹೊಸಂಗಡಿಯ ಹತ್ತಿರದ ನಮ್ಮ ಮನೆಯಲ್ಲಿ ಕೈಸನ್ನೆಯ ಸಂಸಾರ ನಡೆಯುತ್ತಿತ್ತು. ಗಂಜಿಗೆ ಒಂದು ಸನ್ನೆ, ಉಪ್ಪಿಗೆ ಒಂದು, ದೀಪ ಆರಿಸು ಎನ್ನುವುದಕ್ಕೆ ಇನ್ನೊಂದು. ನನ್ನ ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕುವಾಗ ಕಡಿಮೆ ಮಾರ್ಕಿನ ಮೇಲೆ ಬೆರಳಿನಿಂದ ಒಮ್ಮೆ ಕುಟ್ಟುತ್ತಿದ್ದರು, ನನಗೆ ಅಷ್ಟೇ ಬೈಗುಳ. ನೆಂಟರು ಇವರಿಗೆ ಭಾರೀ ಅಹಂಕಾರವೆಂದು ಆಡಿಕೊಂಡು ಹೋಗುತ್ತಿದ್ದರು. ಅಮ್ಮ ಮಾತಿನ ಮನೆಯಿಂದ ಬಂದವಳು. ಅವಳು ಒಲೆಯ ಹತ್ತಿರ ಒಬ್ಬಳೇ ಮಾತಾಡುತ್ತಿದ್ದಳು, ಪ್ರಶ್ನೆಯೂ ಅವಳದೇ, ಉತ್ತರವೂ ಅವಳದೇ.

ಅಪ್ಪನ ಸ್ವರ ಕೇಳಬೇಕಾದರೆ ಬಸ್‌ಸ್ಟ್ಯಾಂಡಿಗೇ ಹೋಗಬೇಕಿತ್ತು. ಹೈಸ್ಕೂಲಿನಲ್ಲಿದ್ದಾಗ ನಾನು ನನ್ನ ಬಸ್ಸು ಬಂದರೂ ಹತ್ತದೆ ಹೂವಿನವರ ಪಕ್ಕ ನಿಂತು ಕೇಳುತ್ತಿದ್ದೆ. ಹೆಮ್ಮೆಯೂ ಆಗುತ್ತಿತ್ತು, ಹೊಟ್ಟೆಕಿಚ್ಚೂ ಆಗುತ್ತಿತ್ತು. ಗುರುತು ಪರಿಚಯ ಇಲ್ಲದ ಹೆಂಗಸರಿಗೆಲ್ಲ "ಬನ್ನಿ ಅಕ್ಕ, ಸೀಟು ಉಂಟು" ಎಂದು ಅಷ್ಟು ಪ್ರೀತಿಯಿಂದ ಹೇಳುವ ಮನುಷ್ಯ ಮನೆಗೆ ಬಂದರೆ ನಮಗೆ ಬೆರಳು ತೋರಿಸುತ್ತಾರಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಒಮ್ಮೆ ಅಮ್ಮ ಪೇಟೆಗೆ ಹೋಗಿದ್ದವಳು ವಾಪಸು ಬಸ್ಸು ಹತ್ತುವಾಗ ಅಪ್ಪ ಗುಂಪಿನಲ್ಲಿ ಅವಳ ಮುಖ ನೋಡದೆ "ಬೇಗ ಹತ್ತಿ ಅಕ್ಕ, ಬೇಗ" ಎಂದುಬಿಟ್ಟಿದ್ದರು. ಅಮ್ಮ ಇದನ್ನು ಊರಿಡೀ ಹೇಳಿ ನಗಿಸಿದಳು. ಅವತ್ತು ಸಂಜೆ ಅಪ್ಪ ನಾಚಿಕೊಂಡು ಎರಡು ಬಾರಿ ಗಂಜಿ ಹಾಕಿಸಿಕೊಂಡರು.

ಹೀಗೆಯೇ ನಾನು ಓದಿ, ಮದುವೆಯಾಗಿ, ಟೀಚರಾಗಿ ಬಂಟ್ವಾಳಕ್ಕೆ ಬಂದೆ. ಅಪ್ಪನ ಪ್ರಾಯದವರೆಲ್ಲ ಕೆಲಸ ಬಿಟ್ಟರೂ ಅವರು ಬಿಡಲಿಲ್ಲ. ಕೊರೋನಾ ಕಳೆದು ಬಸ್ಸುಗಳು ಪುನಃ ಓಡಲು ಶುರುವಾದಾಗ ಜನ ಕಡಿಮೆ, ಮುಖಕ್ಕೆ ಬೇರೆ ಮಾಸ್ಕು. ಬಟ್ಟೆಯ ಹಿಂದಿನಿಂದ ಕೂಗಿ ಕೂಗಿ ಅಪ್ಪನ ಗಂಟಲು ಕೆರೆಯತೊಡಗಿತು. ಅವರು ಜೇಷ್ಠಮಧು ಹೆಚ್ಚಿಸಿದರು. ಒಂದು ತುಂಡಿದ್ದ ಕೆನ್ನೆಯಲ್ಲಿ ಎರಡಾಯಿತು.

ಅದರ ಬೆನ್ನಿಗೇ ಕಾಲು ಬಾತುಕೊಳ್ಳಲು ಶುರುವಾಯಿತು. ಚಪ್ಪಲಿಯ ಬಾರು ಚರ್ಮದ ಮೇಲೆ ಗುರುತು ಬಿಡುತ್ತಿತ್ತು. ಬಂಟ್ವಾಳದಲ್ಲಿ ನನ್ನ ಮನೆಯ ಹತ್ತಿರವಿರುವ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದೆ. ಬಿಪಿ ಜೋರು ಏರಿತ್ತು. ಮಾತ್ರೆ ಬರೆದರು, ಉಪ್ಪು ಕಡಿಮೆ ಮಾಡಲಿಕ್ಕೆ ಹೇಳಿದರು. ಬೇರೆ ಮದ್ದೇನಾದರೂ ತೆಗೆದುಕೊಳ್ಳುತ್ತಾರಾ, ಕಷಾಯ, ಲೇಹ್ಯ, ಏನಾದರೂ ಎಂದು ಕೇಳಿದರು. ಅಪ್ಪ ಪ್ರಾಮಾಣಿಕವಾಗಿ ಯೋಚಿಸಿ, ವರ್ಷಕ್ಕೊಮ್ಮೆ ಆಟಿಯಲ್ಲಿ ಪಾಲೆಯ ಕಷಾಯ ಕುಡಿಯುವುದುಂಟು ಎಂದರು. ಪಕ್ಕದಲ್ಲಿದ್ದ ಅಮ್ಮ ಹೌದೆಂದು ತಲೆಯಾಡಿಸಿದಳು, ನಾನೂ ಆಡಿಸಿದೆ. ನಮ್ಮಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಜೇಷ್ಠಮಧು ಆ ಪ್ರಶ್ನೆಯೊಳಗೆ ಬರುತ್ತದೆಂದು ನಮಗೆ ಹೊಳೆಯಲೇ ಇಲ್ಲ.

ಅಮ್ಮ ಮನೆಯಿಂದ ಉಪ್ಪನ್ನು ಓಡಿಸಿದಳು. ಒಣಮೀನು ಹೋಯಿತು, ಭರಣಿಯಲ್ಲಿದ್ದ ಉಪ್ಪಿನಕಾಯಿ ನೆರೆಮನೆಗೆ ಹೋಯಿತು, ಉಪ್ಪುನೀರಿನಲ್ಲಿ ಹಾಕಿಟ್ಟ ಮಾವಿನಕಾಯಿಯನ್ನು ಕಣ್ಣೀರು ಹಾಕಿಕೊಂಡೇ ತೆಂಗಿನ ಬುಡಕ್ಕೆ ಚೆಲ್ಲಿದಳು. ಸಪ್ಪೆ ಗಂಜಿ ಉಂಡ ಅಪ್ಪನಿಗೆ ಬಾಯಿ ರುಚಿ ಕೆಟ್ಟು ಇನ್ನೊಂದು ತುಂಡು ಬೇರು. ಮಾತ್ರೆಯಿಂದ ಹೊಟ್ಟೆ ಉರಿಯಿತೆಂದು ಅಮ್ಮನ ಕೈಯಿಂದ ಜೇಷ್ಠಮಧು ನೆನೆಸಿದ ನೀರು ಬೇರೆ. ಬಿಪಿ ಇಳಿಯುವುದು ಹೇಗೆ? ಡಾಕ್ಟರು ಮಾತ್ರೆ ಬದಲಿಸಿದರು. ಬಿಪಿ ಒಂದಿಷ್ಟೂ ಕದಲಲಿಲ್ಲ. ಅಮ್ಮ ನೆಂಟರ ಕಣ್ಣು ತಾಗಿದೆಯೆಂದು ಮೆಣಸು ನಿವಾಳಿಸಿ ಒಲೆಗೆ ಹಾಕಿದಳು.

ಒಂದು ದಿನ ಬಸ್‌ಸ್ಟ್ಯಾಂಡಿನಿಂದ ಫೋನು ಬಂತು. ಬೆಂಚಿನಲ್ಲಿ ಕೂತಿದ್ದ ಅಪ್ಪನಿಗೆ ಏಳಲಿಕ್ಕೆ ಆಗುತ್ತಿಲ್ಲ, ತೊಡೆಯಲ್ಲಿ ಶಕ್ತಿಯೇ ಇಲ್ಲ ಎಂದರು. ಡ್ರೈವರೊಬ್ಬರು ಅವರನ್ನು ಎತ್ತಿ ಬಂಟ್ವಾಳದ ಬಸ್ಸಿನಲ್ಲಿ ಕೂರಿಸಿ ಕಳುಹಿಸಿದ್ದರು. ಊರಿನವರನ್ನೆಲ್ಲ ಬಸ್ಸಿಗೆ ಹತ್ತಿಸಿದವರನ್ನು ಇಬ್ಬರು ಹಿಡಿದು ಇಳಿಸಿದರು. ನನಗೆ ಆ ಹೊತ್ತು ನಿಜವಾಗಿ ಭಯವಾಯಿತು. ಇವರು ಇನ್ನು ಹೆಚ್ಚು ದಿವಸ ಇರುವುದಿಲ್ಲ ಎಂದೇ ಅನ್ನಿಸಿತು.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಪೊಟ್ಯಾಶಿಯಂ ತುಂಬಾ ಇಳಿದಿತ್ತು. ಅವರು ರಿಪೋರ್ಟು ಹಿಡಿದು ಹಳೆಯ ಪ್ರಶ್ನೆಗಳನ್ನೇ ಪುನಃ ಕೇಳುತ್ತಿದ್ದರು. ಅಪ್ಪ ಉತ್ತರ ಹೇಳುವ ಮೊದಲು ಬಾಯಿಯಲ್ಲಿದ್ದದ್ದನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ದೂಡಿದರು.

"ಬಾಯಲ್ಲಿ ಎಂತ ಉಂಟು?" ಎಂದರು ಡಾಕ್ಟರು.

"ಎಂತದ್ದೂ ಇಲ್ಲ ಡಾಕ್ಟ್ರೇ, ಜೇಷ್ಠಮಧು. ಸ್ವರಕ್ಕೆ" ಎಂದರು ಅಪ್ಪ.

ಎಷ್ಟು ಕಾಲದಿಂದ ಎಂದು ಕೇಳಿ, ಅಪ್ಪ ಹೇಳಿದ್ದನ್ನು ಕೇಳಿಸಿಕೊಂಡು ಡಾಕ್ಟರು ರಿಪೋರ್ಟನ್ನು ಮೇಜಿನ ಮೇಲೆ ಇಟ್ಟರು. ಆಮೇಲೆ ತಾಳ್ಮೆಯಿಂದ ವಿವರಿಸಿದರು. ಗಂಟಲಿಗೆ, ಹೊಟ್ಟೆಗೆ ಅದು ಒಳ್ಳೆಯದೇ, ಸ್ವಲ್ಪ ದಿನ, ಸ್ವಲ್ಪ ಪ್ರಮಾಣದಲ್ಲಿ. ದಿನವಿಡೀ ಜಗಿದು ರಸ ನುಂಗುತ್ತಾ ಬಂದರೆ ದೇಹ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಬಿಪಿ ಏರುತ್ತದೆ, ಸ್ನಾಯುಗಳಿಗೆ ಬೇಕಾದ ಪೊಟ್ಯಾಶಿಯಂ ಹೊರಗೆ ಹೋಗುತ್ತದೆ. ಹೀಗೇ ಮುಂದುವರಿದರೆ ಹೃದಯಕ್ಕೇ ಅಪಾಯ. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಉಪ್ಪಿನಕಾಯಿಯ ಭರಣಿ ಖಾಲಿ ಮಾಡಿ, ಹಾರ್ಲಿಕ್ಸಿನ ಬಾಟಲಿ ಮಾತ್ರ ತುಂಬಿಸುತ್ತಾ ಇದ್ದವಳು ಅವಳು.

"ಇದು ಬಿಟ್ಟರೆ ನನ್ನ ಸ್ವರ ಹೋಗ್ತದೆ" ಎಂದರು ಅಪ್ಪ.

"ಸ್ವರ ಬೇಕಾ, ಕಾಲು ಬೇಕಾ, ನೀವೇ ಹೇಳಿ."

ಇಂಗ್ಲಿಷ್ ಮದ್ದಿನವರಿಗೆ ಬೇರು ನಾರು ಕಂಡರೆ ಆಗುವುದಿಲ್ಲ ಎಂಬ ಗುಮಾನಿ ಅಪ್ಪನ ಮುಖದಲ್ಲಿ ಎದ್ದು ಕಾಣುತ್ತಿತ್ತು. ವೇಣೂರಿನಲ್ಲಿ ಅವರು ನಂಬುವ, ಆಯುರ್ವೇದದ ಮದ್ದು ಕೊಡುವ ಹಳೆಯ ಪಂಡಿತರೊಬ್ಬರಿದ್ದರು. ಅವರಲ್ಲಿಗೆ ಹೋಗುವ ಎಂದು ಹಟ ಹಿಡಿದರು. ಹೋದೆವು. ಪಂಡಿತರು ಇವರ ಪಕ್ಷ ವಹಿಸುತ್ತಾರೆಂದು ಅಪ್ಪ ಗಟ್ಟಿ ನಂಬಿದ್ದರು. ಪಂಡಿತರು ನಾಡಿ ಹಿಡಿದು, ಬಾತ ಕಾಲನ್ನು ಒತ್ತಿ ನೋಡಿ, ಎಲ್ಲ ಕೇಳಿ ರೇಗಿದರು.

"ಸಿಹಿ ಉಂಟು ಅಂತ ಮದ್ದಲ್ಲ ಅಂತ ಆಗ್ತದಾ ಮಾರಾಯ? ನಾನು ಕೊಡುವುದಾದ್ರೂ ಕೆಲವು ದಿವಸಕ್ಕೆ ಮಾತ್ರ ಕೊಡ್ತೇನೆ. ಮದ್ದನ್ನು ಎಲೆಯಡಿಕೆ ಹಾಗೆ ತಿಂದ್ರೆ ನಾನೆಂತ ಮಾಡುವುದು?"

ಬರುವಾಗ ಬಸ್ಸಿನಲ್ಲಿ ಅಪ್ಪ ಕೆನ್ನೆಯಲ್ಲಿದ್ದ ತುಂಡನ್ನು ಕಿಟಕಿಯ ಹೊರಗೆ ಉಗಿದರು. ಆಮೇಲೆ ಅವರು ಆ ಬೇರನ್ನು ಬಾಯಿಗೆ ಹಾಕಲಿಲ್ಲ.

ಕೆಲವು ವಾರಗಳಲ್ಲಿ ಬಾವು ಇಳಿಯಿತು. ಬಿಪಿ ಇಳಿಯಿತು. ಅಪ್ಪ ಮೊದಲಿನಂತೆ ಮೆಟ್ಟಿಲು ಹತ್ತಿದರು, ಬಸ್‌ಸ್ಟ್ಯಾಂಡಿಗೂ ಹೋದರು. ಆದರೆ ಅವರು ಹೆದರಿದ್ದೇ ನಡೆಯಿತು. ಲವಂಗ, ಕಲ್ಲುಸಕ್ಕರೆ, ತುಳಸಿ ಎಲ್ಲ ನೋಡಿದರು, ಒಂದೂ ಆಗಿಬರಲಿಲ್ಲ. ಒಂದು ಮಧ್ಯಾಹ್ನ ಗುರುವಾಯನಕೆರೆಯನ್ನು ಎಳೆಯುವಾಗ ಸ್ವರ ನಡುವೆ ಒಡೆದು ಹೋಯಿತಂತೆ. ಕಾಲೇಜಿನ ಹುಡುಗಿಯರು ನಕ್ಕರಂತೆ. ಅಪ್ಪ ಹೆಗಲಿನ ಬೈರಾಸಿನಿಂದ ಬಾಯಿ ಒರೆಸಿಕೊಂಡು, ಅದೇ ಬಸ್ಸು ಹತ್ತಿ ಹಗಲಿನಲ್ಲೇ ಮನೆಗೆ ಬಂದರು. ಇದನ್ನು ಆ ಬಸ್ಸಿನ ಕಂಡಕ್ಟರು ಫೋನಿನಲ್ಲಿ ನನಗೆ ಹೇಳಿದಾಗ ಶಾಲೆಯ ಜಗಲಿಯಲ್ಲಿ ನಿಂತು ಅತ್ತೆ. ನಾನು ಎಷ್ಟೋ ಬಾರಿ ಶಪಿಸಿದ ಆ ಬಸ್‌ಸ್ಟ್ಯಾಂಡಿನ ಸ್ವರ ನನಗೆ ಅಷ್ಟು ಬೇಕಾಗಿತ್ತು ಎಂದು ಆವಾಗಲೇ ತಿಳಿದದ್ದು.

ಬಸ್ಸಿನ ಮಾಲಕರು ಒಳ್ಳೆಯವರು, ಅಪ್ಪನನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿರಲಿಲ್ಲ. ಗಂಟಲಿನ ಡಾಕ್ಟರಿಗೆ ತೋರಿಸಿ ಎಂದು ಅವರೇ ಹೇಳಿ ಕಳುಹಿಸಿದರು. ಆ ಡಾಕ್ಟರು ಸ್ವರದ ತಂತಿಗಳನ್ನು ಪರೀಕ್ಷಿಸಿ ಆಸೆ ಹುಟ್ಟಿಸುವ ಮಾತು ಹೇಳಿದರು. ಈ ಮಳೆಗಾಲ ಕಳೆಯುವವರೆಗೆ ಸಂಪೂರ್ಣ ವಿಶ್ರಾಂತಿ ಕೊಟ್ಟರೆ, ಒಂದು ಮಾತೂ ಆಡದಿದ್ದರೆ, ಪಿಸುಮಾತು ಕೂಡ ಇಲ್ಲದಿದ್ದರೆ ಕೂಗುವ ಸ್ವರ ಒಂದು ಮಟ್ಟಕ್ಕೆ ವಾಪಸು ಬರಬಹುದು. ಮಾತಾಡುತ್ತಾ ಹೋದರೆ ಈಗಿರುವ ಈ ಒಡಕು ಸ್ವರವೇ ಖಾಯಂ. ನನಗೆ ಖುಷಿಯಾಯಿತು. ಮನೆಯಲ್ಲಿ ಮಾತಾಡದೆ ಇರುವುದು ಅಪ್ಪನಿಗೆ ಹೊಸತೇನೂ ಅಲ್ಲವಲ್ಲ. ಅಮ್ಮ ಸುಮ್ಮನೆ ಕೇಳಿಸಿಕೊಂಡಳು. ಸರಿ ಎಂದಳು. ಅವಳ ಆ 'ಸರಿ'ಯನ್ನು ನಾನು ಆಗ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಮರುದಿನ ಭಾನುವಾರ, ನಾನು ತವರಿನಲ್ಲೇ ಉಳಿದಿದ್ದೆ. ಹೊರಗೆ ಜಡಿಮಳೆ. ಅಮ್ಮ ಅಡುಗೆಮನೆಯಲ್ಲಿ ನೀರುದೋಸೆ ಎರೆಯುತ್ತಿದ್ದಳು. ಅಪ್ಪ ಬಂದು ಮಣೆಯಲ್ಲಿ ಕೂತರು. ಅಮ್ಮ ಸನ್ನೆಗಾಗಿ ಅವರ ಕೈ ನೋಡಿದಳು. ಅಪ್ಪ ಕೈ ಎತ್ತಲಿಲ್ಲ.

"ಚಟ್ನಿಗೆ ಉಪ್ಪು ಸ್ವಲ್ಪ ಹಾಕು. ಡಾಕ್ಟ್ರು ಬೇಡ ಅಂತ ಹೇಳಲಿಲ್ಲ, ಕಡಿಮೆ ಅಂತ ಹೇಳಿದ್ದು" ಎಂದರು.

ಅಮ್ಮ ಸೌಟು ಹಿಡಿದಲ್ಲೇ ನಿಂತಳು. ಮಾತಾಡಬೇಡಿ, ಸ್ವರ ಹಾಳಾಗುತ್ತದೆ, ಡಾಕ್ಟರು ಅಷ್ಟು ಹೇಳಿದ್ದಾರೆ ಎಂದು ನಾನು ಅಡ್ಡ ಬಾಯಿ ಹಾಕಿದೆ. ಅಪ್ಪ ನನ್ನ ಕಡೆ ತಿರುಗಿದರು. ಮನೆಯಲ್ಲಿ ತುಳು ಆಡುವವರು ನಾವು, ಅವರು ಹೇಳಿದ್ದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ.

"ಬಸ್ಸಿಗೆ ಕೊಟ್ಟದ್ದು ಸಾಕು ಮಗಾ. ಇನ್ನು ಇದ್ದದ್ದು ಎಷ್ಟುಂಟೋ ಅಷ್ಟು ಮನೆಗೆ."

ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಆ ಸ್ವರವನ್ನು ಇನ್ನು ಯಾರೂ ಕೇಳುವುದಿಲ್ಲ, ನಾನೂ ಕೇಳುವುದಿಲ್ಲ ಎಂಬುದು ಆ ಒಂದು ಮಾತಿನಿಂದ ಖಚಿತವಾಯಿತು. ಕಾವಲಿಯ ಮೇಲಿನ ದೋಸೆ ಅಂಚಿನಲ್ಲಿ ಕೆಂಪಾಗುತ್ತಿತ್ತು. ಅಮ್ಮ ಅದನ್ನು ತೆಗೆಯಲಿಲ್ಲ. ಬೆಂಕಿ ಸಣ್ಣದು ಮಾಡಿ, ಅಪ್ಪನ ಎದುರು ನೆಲದ ಮೇಲೆಯೇ ಕೂತಳು. ಎಷ್ಟೋ ಕಾಲದಿಂದ ತಯಾರು ಮಾಡಿ ಇಟ್ಟವಳ ಹಾಗೆ ಕೇಳಿದಳು.

"ನನ್ನನ್ನು ನೋಡ್ಲಿಕ್ಕೆ ಬಂದ ದಿವಸ ನೀವು ಒಂದು ಮಾತೂ ಆಡಲಿಲ್ಲ. ನಾನು ನಿಮಗೆ ಇಷ್ಟ ಆಗಿದ್ದೆನಾ, ಅಲ್ಲ ಮನೆಯವರು ಹೇಳಿದ್ರು ಅಂತ ಒಪ್ಪಿದ್ದಾ?"

ಅಪ್ಪ ಕೆಮ್ಮಿದರು. ನಾನು ಎದ್ದು ಹೋಗಬೇಕಿತ್ತು, ಹೋಗಲಿಲ್ಲ.

"ಕೆಲಸಕ್ಕೆ ಹೊತ್ತಾಗಿತ್ತು" ಎಂದರು. "ನಿಮ್ಮ ಮನೆಯ ಗೇಟಿನ ಎದುರೇ ಬಸ್ಸು ಬಂತು. ನಿಲ್ಲಿಸ್ಲಿಕ್ಕೆ ನಾನು ಕೈ ಅಡ್ಡ ಹಿಡೀಲಿಲ್ಲ. ಅದರ ಹಿಂದಿನ ಬಸ್ಸೂ ಬಂತು, ಅದನ್ನೂ ಬಿಟ್ಟೆ. ನೀನು ಪುನಃ ಒಮ್ಮೆ ಹೊರಗೆ ಬರ್ತೀಯೋ ಅಂತ."

ದೋಸೆ ಸೀಯುವ ವಾಸನೆ ಬಂತು. ನಾನೇ ಹೋಗಿ ಕಾವಲಿಯನ್ನು ಇಳಿಸಿದೆ.

"ನಾನು ಬಂದೆನಾ?" ಎಂದಳು ಅಮ್ಮ.

ಒಣಹಾಕಿದ ಬಟ್ಟೆ ತೆಗೆಯಲಿಕ್ಕೆ ಅವಳು ಹೊರಗೆ ಬಂದದ್ದನ್ನು ಅಪ್ಪ ಹೇಳತೊಡಗಿದರು. ಎಂಥ ಸೀರೆ, ಹಗ್ಗ ಎಲ್ಲಿತ್ತು, ಅವಳು ಯಾವ ಕಡೆ ನೋಡಿದಳು. ಸ್ವರ ಒಡೆದು ಮಾತು ನಡುನಡುವೆ ಗಾಳಿಯಾಗುತ್ತಿತ್ತು. ಅಮ್ಮ ಒಂದು ಲೋಟ ಬಿಸಿನೀರು ಬಗ್ಗಿಸಿ ಅವರ ಕೈಗೆ ಕೊಟ್ಟು, ಅವರು ಕುಡಿದು ಮುಗಿಸುವವರೆಗೆ ಕಾದಳು.

"ಮುಂದೆ ಹೇಳಿ" ಎಂದಳು.